ಮೊಬೈಲ್‌ನಲ್ಲಿ ಬೀಟ್ ಮಾಡ್ತೀರಾ? ಒಂದೊಂದು ವಾದ್ಯಕ್ಕೂ ಒಂದೊಂದು ಕೆಲಸ ಕೊಡ್ರಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಹೊಸದಾಗಿ ಬೀಟ್ ಮಾಡೋಕೆ ಶುರು ಮಾಡಿದವರು ನನ್ನನ್ನ ಹೆಚ್ಚಾಗಿ ಕೇಳೋ ಪ್ರಶ್ನೆ ಒಂದೇ: "ಒಂದೊಂದೇ ವಾದ್ಯ ಕೇಳಿದ್ರೆ ಚಲೋ ಐತಿ, ಎಲ್ಲಾ ಕೂಡಿಸಿದ್ರೆ ಗದ್ದಲ ಆಗತೈತಿ. ಯಾಕ್ರಿ?" ಇವತ್ತು ಅದಕ್ಕೆ ಉತ್ತರ ಹುಡುಕೋಣ. ಬ್ಯಾಂಡ್‌ಲ್ಯಾಬ್, ಗ್ಯಾರೇಜ್‌ಬ್ಯಾಂಡ್, ಎಫ್‌ಎಲ್ ಸ್ಟುಡಿಯೋ ಮೊಬೈಲ್, ನಿಮ್ಮ ಹತ್ರ ಯಾವ ಆ್ಯಪ್ ಇದ್ದರೂ ನಡೀತದೆ.

ಮೊದಲು ನಮ್ಮ ಊರಿನ ಮಾತು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಅದರ ಹೆಸರಿರೋದು ಬಣ್ಣಕ್ಕೆ, ಖಾರಕ್ಕಲ್ಲ. ಅದಕ್ಕೇ ಮಸಾಲೆ ಮಾಡೋರು ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಹಾಕ್ತಾರೆ. ಎರಡೂ ಖಾರದ್ದೇ ಹಾಕಿದ್ರೆ ನಾಲಿಗೆ ಉರೀತದೆ, ರುಚಿ ಗೊತ್ತಾಗಲ್ಲ. ಬೀಟ್‌ನಲ್ಲೂ ಅಷ್ಟೇ. ಒಂದೇ ಕೆಲಸಕ್ಕೆ ಮೂರು ವಾದ್ಯ ನಿಂತರೆ ಗದ್ದಲ ಶುರು.

ಮೊದಲನೇದು, ಶ್ರುತಿ. ಭಜನಿಗೆ ಕೂತಾಗ ಹಾರ್ಮೋನಿಯಂ ಮಾಸ್ತರರು ಮೊದಲು ಕೇಳೋದೇ "ಯಾವ ಪಟ್ಟಿ?" ಅಂತ. ಎಲ್ಲರ 'ಸ' ಒಂದೇ ಕಡೆ ಇರಬೇಕು. ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡೋ ಲೂಪ್‌ಗಳು ಒಂದೊಂದು ಒಂದೊಂದು ಶ್ರುತಿಯಲ್ಲಿರ್ತವೆ. ಪ್ರಾಜೆಕ್ಟ್ ಶುರು ಮಾಡೋ ಮೊದಲೇ ಒಂದು ಶ್ರುತಿ ಗಟ್ಟಿ ಮಾಡಿ, ಎಲ್ಲಾ ಲೂಪ್‌ಗಳನ್ನೂ ಅದಕ್ಕೇ ತನ್ನಿ. ಬೇಸ್‌ಗೂ ಇದೇ ಮಾತು.

ರಾಗ ಗೊತ್ತಿಲ್ಲ ಅನ್ನೋರಿಗೆ ಒಂದು ಸುಲಭ ದಾರಿ ಐತಿ. ಕೀಬೋರ್ಡಿನ ಕರಿ ಮನೆಗಳನ್ನ ಮಾತ್ರ ನುಡಿಸ್ರಿ. 'ಕಾಳಿ ಏಕ್', ಅಂದ್ರೆ ಸಿ ಶಾರ್ಪ್, ಅದನ್ನ 'ಸ' ಅಂತ ಇಟ್ಕೊಂಡ್ರೆ ಸ, ರಿ, ಮ, ಪ, ಧ ಸಿಗ್ತದೆ. ಹಿಂದೂಸ್ತಾನಿಯ ದುರ್ಗಾ ರಾಗಕ್ಕೆ ಹಚ್ಚೋ ಸ್ವರಗಳು ಇವೇ. ಎಫ್ ಶಾರ್ಪ್ ಮನೆಯಿಂದ ಶುರು ಮಾಡಿದ್ರೆ ಅದೇ ಐದು ಮನೆಗಳು ಭೂಪ್, ಅಂದ್ರೆ ಮೋಹನದ ಸ್ವರಗಳಾಗ್ತವೆ. ಈ ಐದರಲ್ಲಿ ಯಾವ ಎರಡು ಸ್ವರವೂ ಪಕ್ಕಪಕ್ಕದ ಮನೆಯಲ್ಲಿಲ್ಲ. ಹಾಗಾಗಿ ಯಾವ ಎರಡನ್ನ ಜೋಡಿಸಿದ್ರೂ ಕಿವಿಗೆ ಕಚ್ಚೋದಿಲ್ಲ.

ಎರಡನೇದು, ಜಾಗ. ಮನುಷ್ಯನ ಕಿವಿಗೆ ಹೆಚ್ಚುಕಡಿಮೆ 20ರಿಂದ 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸ್ತದೆ. ಇದನ್ನ ಮೂರು ಅಂತಸ್ತಿನ ಮನೆ ಅಂದ್ಕೊಳ್ರಿ. ಕೆಳಗೆ ಡೊಳ್ಳು ಮತ್ತು ಬೇಸ್, ನಡುವೆ ಹಾರ್ಮೋನಿಯಂ ಮತ್ತು ಹಾಡೋರ ದನಿ, ಮೇಲೆ ತಾಳ, ಗೆಜ್ಜೆ.

ಡೊಳ್ಳಿಗೆ ಒಂದು ಬದಿ ಕೋಲು, ಇನ್ನೊಂದು ಬದಿ ಬರಿಗೈ. ಅದರಲ್ಲಿ ಗುಡುಗೂ ಐತಿ, ಚಟ್ ಅನ್ನೋ ಏಟೂ ಐತಿ. ಡೊಳ್ಳಿನ ಗುಡುಗಿನ ಮೇಲೇ ದಪ್ಪ ಕಿಕ್ ಇಟ್ರೆ ಎರಡೂ ಹಾಳು. ಗುಡುಗು ಬೇಕಂದ್ರೆ ಕಿಕ್ ತೆಗೀರಿ. ಕಿಕ್ಕೇ ಬೇಕಂದ್ರೆ ಈಕ್ವಲೈಜರ್‌ನಲ್ಲಿ ಡೊಳ್ಳಿನ ಕೆಳಭಾಗ ಇಳಿಸಿ, ಕೋಲಿನ ಏಟು ಮಾತ್ರ ಉಳಿಸ್ರಿ. ಹಾರ್ಮೋನಿಯಂನ ಕೆಳಗಿನ ಗುಂಯ್ ಅನ್ನೋ ಸದ್ದನ್ನ 150–200 ಹರ್ಟ್ಸ್ ಹತ್ರ ಕತ್ತರಿಸಿದ್ರೆ ಬೇಸ್‌ಗೆ ಉಸಿರಾಡೋ ಜಾಗ ಸಿಗ್ತದೆ.

ಮೂರನೇದು, ಸರದಿ. ಭಜನಾ ಮೇಳದಲ್ಲಿ ಹಾಡೋರು ಸಾಲು ಹೇಳುವಾಗ ಹಾರ್ಮೋನಿಯಂ ಮೆತ್ತಗಿರ್ತದೆ, ಸಾಲು ಮುಗಿದ ಕೂಡ್ಲೇ ಮುಂದೆ ಬಂದು ಖಾಲಿ ಜಾಗ ತುಂಬ್ತದೆ. ಇದಕ್ಕಿಂತ ದೊಡ್ಡ ಪಾಠ ಯಾವ ಟ್ಯುಟೋರಿಯಲ್‌ನಲ್ಲೂ ನನಗೆ ಸಿಕ್ಕಿಲ್ಲ. 90 ಬಿಪಿಎಂನಲ್ಲಿ ನಾಲ್ಕು ಬಾರ್ ಅಂದ್ರೆ 16 ಬೀಟ್, ಸುಮಾರು 10.7 ಸೆಕೆಂಡ್. ಪ್ರತಿ ನಾಲ್ಕು ಬಾರ್‌ಗೆ ಒಂದೇ ಹೊಸ ವಾದ್ಯ ಒಳಗೆ ಬಿಡ್ರಿ. ದನಿ ಬಂದಾಗ ಒಂದನ್ನ ಹೊರಗೆ ಕಳಿಸ್ರಿ.

ನಾಲ್ಕನೇದು, ಫೋನ್ ಪರೀಕ್ಷೆ. ನಿಮ್ಮ ಬೀಟ್ ಕೇಳೋರಲ್ಲಿ ಎಷ್ಟೋ ಜನ ಫೋನ್ ಸ್ಪೀಕರ್‌ನಲ್ಲೇ ಕೇಳ್ತಾರೆ. ಆ ಸಣ್ಣ ಸ್ಪೀಕರ್ ಸುಮಾರು 200 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನ ಸರಿಯಾಗಿ ಕೊಡೋದಿಲ್ಲ. ಇಯರ್‌ಫೋನ್‌ನಲ್ಲಿ ಎದೆ ನಡುಗಿಸಿದ ಬೇಸ್ ಅಲ್ಲಿ ಮಾಯ ಆಗ್ತದೆ. ಬೇಸ್‌ಗೆ ಸ್ವಲ್ಪ ಡಿಸ್ಟಾರ್ಷನ್ ಅಥವಾ ಸ್ಯಾಚುರೇಷನ್ ಹಾಕ್ರಿ. ಆಗ ಮೇಲಿನ ಉಪಸ್ವರಗಳು ಹುಟ್ತವೆ, ಅವುಗಳಿಂದಲೇ ಕಿವಿ ಕೆಳಗಿನ ಸ್ವರವನ್ನ ಊಹಿಸಿಕೊಳ್ತದೆ. ಆಮೇಲೆ ಒಂದೊಂದೇ ವಾದ್ಯ ಮ್ಯೂಟ್ ಮಾಡಿ ನೋಡ್ರಿ. ತೆಗೆದದ್ದು ಗೊತ್ತೇ ಆಗದಿದ್ರೆ ಆ ವಾದ್ಯ ಅಲ್ಲಿ ಬೇಕಾಗಿಲ್ಲ.

ಈಗ ಸ್ವಲ್ಪ ಗಂಭೀರ ವಿಷಯ. ಶಿಶುನಾಳ ಷರೀಫರು ನಮ್ಮ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನವರು. ಅವರು ತೀರಿಕೊಂಡಿದ್ದು 1889ರಲ್ಲಿ. ಹಾಗಾಗಿ ಅವರ ತತ್ವಪದಗಳ ಸಾಹಿತ್ಯ ಈಗ ಎಲ್ಲರದ್ದು, ನೀವು ಹಾಡಬಹುದು. ಆದ್ರೆ 1990ರ 'ಸಂತ ಶಿಶುನಾಳ ಷರೀಫ' ಸಿನಿಮಾದ ಧ್ವನಿಮುದ್ರಣ ಕತ್ತರಿಸಿ ಬೀಟ್‌ಗೆ ಹಾಕೋದು ಬೇರೆ ಮಾತು. ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರ್ತದೆ. ಸಿ. ಅಶ್ವಥ್ ಅವರ ರಾಗ ಸಂಯೋಜನೆಗೂ ಹಕ್ಕು ಇನ್ನೂ ಐತಿ.

ಕಾನೂನಿಗಿಂತ ಹತ್ತಿರದ ಮಾತು ಇನ್ನೊಂದು. ಬೀರೇಶ್ವರ ಗುಡಿ ಮುಂದೆ ಡೊಳ್ಳು ಹೊಡೆಯೋ ಮೇಳದವರನ್ನ ಸುಮ್ನೆ ರೆಕಾರ್ಡ್ ಮಾಡ್ಕೊಂಡು, "ಫೋಕ್ ಲೂಪ್" ಅಂತ ಹೆಸರಿಟ್ಟು ಅಪ್‌ಲೋಡ್ ಮಾಡೋದು ಸುಲಭ. ಆದ್ರೆ ಆ ಕೈಗೆ ವರ್ಷಗಟ್ಟಲೆ ಅಭ್ಯಾಸ ಐತಿ. ಮೊದಲು ಕೇಳ್ರಿ, ಹಾಡಿನ ಕೆಳಗೆ ಮೇಳದ ಹೆಸರು ಹಾಕ್ರಿ, ದುಡ್ಡು ಬಂದ್ರೆ ಪಾಲು ಕೊಡ್ರಿ. ಬೀಟ್‌ನೊಳಗೆ ಡೊಳ್ಳಿಗೆ ಜಾಗ ಮಾಡಿಕೊಟ್ಟವರು ಡೊಳ್ಳು ಹೊಡೆದವರಿಗೂ ಜಾಗ ಕೊಡಬೇಕಲ್ಲ? ಒಪ್ಪಿದ್ರೆ ಫೋನನ್ನ ಡೊಳ್ಳಿನಿಂದ ಮೂರ್ನಾಲ್ಕು ಮೀಟರ್ ದೂರ ಇಡ್ರಿ. ಹತ್ರ ಇಟ್ರೆ ಮೈಕ್ ತಡೆಯೋದಿಲ್ಲ, ಸದ್ದು ಒಡೀತದೆ.

ಈ ವಾರದ ಕೆಲಸ: ನಾಲ್ಕೇ ವಾದ್ಯ. ಡೊಳ್ಳು, ಬೇಸ್, ಹಾರ್ಮೋನಿಯಂ, ತಾಳ. ಐದನೇದು ಸೇರಿಸೋ ಆಸೆ ಬಂದಾಗ, ಮೊದಲು ಒಂದನ್ನ ತೆಗೀರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.