ಹಾಸ್ಟೆಲ್ ಕರೆಂಟ್ ಬಿಲ್ ಏರಲು ಮೊಬೈಲ್ ಚಾರ್ಜರ್ ಕಾರಣವೇ?

"ಚಾರ್ಜರನ್ನು ಪ್ಲಗ್‌ನಲ್ಲೇ ಬಿಟ್ಟರೆ ರಾತ್ರಿಯಿಡೀ ಮೀಟರ್ ಓಡುತ್ತದೆ, ಹಾಸ್ಟೆಲ್ ಬಿಲ್ ಡಬಲ್ ಆಗುತ್ತದೆ, ತಪ್ಪದೆ ಎಲ್ಲರಿಗೂ ಕಳಿಸಿ." ಇಂಥ ಸಂದೇಶ ನಿಮ್ಮ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂದಿರಬಹುದು. ಕಳಿಸಿದವರ ಉದ್ದೇಶ ಒಳ್ಳೆಯದೇ. ಆದರೆ ಲೆಕ್ಕ ಸರಿಯಿದೆಯೇ? ಮೂಡಿಗೆರೆಯಂಥ ಮಲೆನಾಡಿನ ಊರಿನ ಹಾಸ್ಟೆಲ್ ಒಂದನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಕೂಡಿಸಿ, ಕಳೆದು ನೋಡಿದೆವು.

ಮೂಡಿಗೆರೆಯನ್ನೇ ಆರಿಸಿಕೊಳ್ಳಲು ಕಾರಣವಿದೆ. ಇಲ್ಲಿ ತೋಟಗಾರಿಕೆ ಕಾಲೇಜು ಇದೆ. ಹಾಸ್ಟೆಲ್‌ಗಳಲ್ಲಿ, ಬಾಡಿಗೆ ರೂಮುಗಳಲ್ಲಿ ಇದ್ದು ಓದುವ ಹುಡುಗ ಹುಡುಗಿಯರಿದ್ದಾರೆ. ಊರು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಚಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ. ಬಯಲುಸೀಮೆಯ ಹಾಸ್ಟೆಲ್‌ನಲ್ಲಿ ಕರೆಂಟ್ ತಿನ್ನುವುದು ಸೆಕೆಗೆ ಹಾಕುವ ಫ್ಯಾನ್. ಇಲ್ಲಿ ಹಾಗಲ್ಲ.

ಮೊದಲು ಯೂನಿಟ್ ಎಂದರೇನು?

1000 ವ್ಯಾಟ್‌ನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. 100 ವ್ಯಾಟ್‌ನದು 10 ಗಂಟೆ ಓಡಿದರೂ ಒಂದೇ ಯೂನಿಟ್. ಅಂದರೆ ಎಷ್ಟು ವ್ಯಾಟ್, ಎಷ್ಟು ಹೊತ್ತು ಎಂಬ ಎರಡನ್ನೂ ಕೇಳಬೇಕು. ಫಾರ್ವರ್ಡ್ ಸಂದೇಶಗಳು ಸಾಮಾನ್ಯವಾಗಿ ಇವೆರಡರಲ್ಲಿ ಒಂದನ್ನು ಮಾತ್ರ ಹೇಳುತ್ತವೆ.

ಮಾತು 1: ಚಾರ್ಜರ್ ಪ್ಲಗ್‌ನಲ್ಲಿದ್ದರೆ ಬಿಲ್ ಡಬಲ್

ತಪ್ಪು. ಫೋನ್ ಸಿಕ್ಕಿಸದೆ ಬಿಟ್ಟ ಈಗಿನ ಚಾರ್ಜರ್ ಎಳೆಯುವುದು ಸುಮಾರು 0.1ರಿಂದ 0.3 ವ್ಯಾಟ್. ವರ್ಷವಿಡೀ ಹಾಗೇ ಬಿಟ್ಟರೂ ಒಂದರಿಂದ ಮೂರು ಯೂನಿಟ್ ಅಷ್ಟೇ. ಫೋನ್ ಚಾರ್ಜ್ ಆಗುವುದಕ್ಕೂ ಹೆಚ್ಚು ಬೇಕಿಲ್ಲ. 5000 ಎಂಎಎಚ್ ಬ್ಯಾಟರಿಯನ್ನು ಸೊನ್ನೆಯಿಂದ ತುಂಬಿಸಲು, ನಷ್ಟವೂ ಸೇರಿ, ಸುಮಾರು 0.025 ಯೂನಿಟ್. ಒಂದು ಯೂನಿಟ್‌ನಲ್ಲಿ 40 ಸಲ ಚಾರ್ಜ್ ಮಾಡಬಹುದು.

ಚಾರ್ಜರ್ ತೆಗೆಯುವುದು ಒಳ್ಳೆಯ ಅಭ್ಯಾಸವೇ. ಗುಡುಗು ಸಿಡಿಲಿನ ಊರಿನಲ್ಲಂತೂ ಫೋನ್ ಉಳಿಸಲು ತೆಗೆಯಲೇಬೇಕು. ಆದರೆ ಅದರಿಂದ ಹಾಸ್ಟೆಲ್ ಬಿಲ್ ಇಳಿಯುವುದಿಲ್ಲ.

ಹಾಗಾದರೆ ಕರೆಂಟ್ ಹೋಗುವುದೆಲ್ಲಿ? ಬಕೆಟ್‌ನಲ್ಲಿ

ನೀರಿನ ತಣ್ಣನೆ ತೆಗೆಯಲು ಬಹಳ ಶಕ್ತಿ ಬೇಕು. ಚಳಿಗಾಲದ ಬೆಳಿಗ್ಗೆ ನಲ್ಲಿ ನೀರು 18 ಡಿಗ್ರಿ ಇದೆ ಎಂದುಕೊಳ್ಳೋಣ. 15 ಲೀಟರ್ ನೀರನ್ನು ಸ್ನಾನಕ್ಕೆ ಹಿತವಾದ 42 ಡಿಗ್ರಿಗೆ ತರಲು ಸುಮಾರು 0.42 ಯೂನಿಟ್ ಬೇಕು. 1500 ವ್ಯಾಟ್‌ನ ಹೀಟರ್ ರಾಡ್ ಇದಕ್ಕೆ 17 ನಿಮಿಷ ತೆಗೆದುಕೊಳ್ಳುತ್ತದೆ. ರಾಡ್ ಹಾಕಿ ತಿಂಡಿಗೆ ಹೋಗಿ 35 ನಿಮಿಷ ಬಿಟ್ಟು ಬಂದರೆ ಖರ್ಚು ಎರಡರಷ್ಟು. ಆಮೇಲೆ ಸುಡುನೀರಿಗೆ ತಣ್ಣೀರು ಬೆರೆಸಿ, ಮಿಕ್ಕಿದ್ದನ್ನು ಚೆಲ್ಲುತ್ತೇವೆ.

ನೂರು ಜನರಿರುವ ಹಾಸ್ಟೆಲ್‌ನಲ್ಲಿ ಎಲ್ಲರೂ ದಿನಕ್ಕೊಂದು ಬಕೆಟ್ ಕಾಯಿಸಿದರೆ ದಿನಕ್ಕೆ 42 ಯೂನಿಟ್. ಅದೇ ನೂರು ಜನರ ಖಾಲಿ ಚಾರ್ಜರ್‌ಗಳೆಲ್ಲ ಇಡೀ ದಿನ ಪ್ಲಗ್‌ನಲ್ಲಿದ್ದರೂ 0.72 ಯೂನಿಟ್ ಮೀರುವುದಿಲ್ಲ. ಅದು ಇಬ್ಬರ ಸ್ನಾನಕ್ಕೂ ಸಾಲದು.

ಮಳೆಗಾಲದ ಗುಟ್ಟು: ಬಟ್ಟೆ ಒಣಗಿಸುವ ಫ್ಯಾನ್

ಮಲೆನಾಡಿನಲ್ಲಿ ಓದಿದವರಿಗೆ ಇದನ್ನು ವಿವರಿಸಬೇಕಿಲ್ಲ. ಜುಲೈನಲ್ಲಿ ರೂಮಿನೊಳಗೆ ಹಗ್ಗ ಕಟ್ಟಿ, ಬಾಗಿಲು ಹಾಕಿ, ಫ್ಯಾನ್ ಬಿಟ್ಟು ಕ್ಲಾಸಿಗೆ ಹೋಗುತ್ತೇವೆ. ಸಂಜೆ ಬಂದರೂ ಜೀನ್ಸ್ ಪ್ಯಾಂಟಿನ ಸೊಂಟ ಹಸಿ. 75 ವ್ಯಾಟ್‌ನ ಹಳೇ ಫ್ಯಾನ್ 12 ಗಂಟೆ ತಿರುಗಿದರೆ 0.9 ಯೂನಿಟ್. ಅಂದರೆ ಎರಡು ಬಕೆಟ್ ಬಿಸಿನೀರು. ತಿಂಗಳಿಗೆ ಒಂದು ರೂಮಿನಿಂದ 27 ಯೂನಿಟ್.

ಮುಚ್ಚಿದ ರೂಮಿನ ಗಾಳಿ ಆಗಲೇ ತೇವದಿಂದ ತುಂಬಿರುತ್ತದೆ. ಅದೇ ಗಾಳಿಯನ್ನು ಸುತ್ತಿಸಿದರೆ ಪ್ರಯೋಜನ ಕಡಿಮೆ. ಕಿಟಕಿ ಸ್ವಲ್ಪ ತೆರೆದಿರಬೇಕು. ಇಸ್ತ್ರಿ ಪೆಟ್ಟಿಗೆಯಿಂದ ಒಣಗಿಸುವುದು ಇನ್ನೂ ದುಬಾರಿ. ಬಟ್ಟೆಯಲ್ಲಿನ ಒಂದು ಲೀಟರ್ ನೀರನ್ನು ಆವಿ ಮಾಡಲು ಕಡಿಮೆಯೆಂದರೂ 0.67 ಯೂನಿಟ್ ಬೇಕು. ಅದೇ ನೀರನ್ನು ಇಬ್ಬರು ಸೇರಿ ಎರಡು ತುದಿ ಹಿಡಿದು ಹಿಂಡಿ ತೆಗೆದರೆ ಖರ್ಚು ಸೊನ್ನೆ. ಬೆಡ್‌ಶೀಟ್ ಹಿಂಡಲು ರೂಮ್‌ಮೇಟ್‌ನನ್ನು ಕರೆಯಿರಿ.

ಮಾತು 2: ವೋಲ್ಟೇಜ್ ಕಡಿಮೆಯಿದ್ದರೆ ಮೀಟರ್ ಜೋರಾಗಿ ಓಡುತ್ತದೆ

ಹೀಟರ್ ರಾಡ್ ವಿಷಯದಲ್ಲಿ ತಪ್ಪು. 230 ವೋಲ್ಟ್‌ನಲ್ಲಿ 1500 ವ್ಯಾಟ್ ಎಳೆಯುವ ರಾಡ್ 180 ವೋಲ್ಟ್‌ಗೆ ಇಳಿದಾಗ ಸುಮಾರು 920 ವ್ಯಾಟ್ ಮಾತ್ರ ಎಳೆಯುತ್ತದೆ. ನೀರು ಕಾಯಲು 17ರ ಬದಲು 27 ನಿಮಿಷ ಬೇಕು. ಒಟ್ಟು ಯೂನಿಟ್ ಹೆಚ್ಚುಕಡಿಮೆ ಅಷ್ಟೇ. ಕಾಯುವ ಹೊತ್ತು ಜಾಸ್ತಿಯಾದ್ದರಿಂದ ಮೀಟರ್ ಹೆಚ್ಚು ಓಡಿತು ಅನ್ನಿಸುತ್ತದೆ.

ಮಾತು 3: ಫ್ಯಾನ್ ನಿಧಾನವಾಗಿ ತಿರುಗಿಸಿದರೂ ಖರ್ಚು ಅಷ್ಟೇ

ಅರ್ಧ ಸತ್ಯ. ಹಳೇ ಕಾಲದ ದೊಡ್ಡ ಡಬ್ಬಿಯಂಥ ರೆಗ್ಯುಲೇಟರ್‌ಗಳು ಮಿಕ್ಕ ಶಕ್ತಿಯನ್ನು ಬಿಸಿಯಾಗಿ ಕಳೆಯುತ್ತಿದ್ದವು, ಹಾಗಾಗಿ ಉಳಿತಾಯ ಕಡಿಮೆ. ಈಗಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ನಲ್ಲಿ ವೇಗ ಇಳಿಸಿದರೆ ಕರೆಂಟ್ ಉಳಿಯುತ್ತದೆ. ಹೊಸ ಬಿಎಲ್‌ಡಿಸಿ ಫ್ಯಾನ್‌ಗಳು ಪೂರ್ತಿ ವೇಗದಲ್ಲೂ 28ರಿಂದ 35 ವ್ಯಾಟ್ ಮಾತ್ರ ಬಳಸುತ್ತವೆ.

ಬಿಲ್‌ಗಿಂತ ದೊಡ್ಡ ವಿಷಯ: ಜೀವ

ಚಾರ್ಜರ್ ಬಗ್ಗೆ ಫಾರ್ವರ್ಡ್ ಮಾಡುವ ನಾವು ರಾಡ್ ಬಗ್ಗೆ ಸುಮ್ಮನಿರುತ್ತೇವೆ. ಯಾಕೆಂದರೆ ಬಹಳ ಕಡೆ ಅದಕ್ಕೆ ಅನುಮತಿ ಇರುವುದಿಲ್ಲ. ವಾರ್ಡನ್ ಕಣ್ಣಿಗೆ ಬೀಳದಂತೆ ಮಂಚದ ಕೆಳಗಿನ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಸಿಕ್ಕಿಸುತ್ತೇವೆ. ಅಪಾಯ ಇರುವುದೇ ಅಲ್ಲಿ. ರೂಮಿನ ಸಣ್ಣ ಪ್ಲಗ್ ಪಾಯಿಂಟ್ 6 ಆಂಪಿಯರ್‌ನದು, ಅಂದರೆ ಸುಮಾರು 1380 ವ್ಯಾಟ್‌ವರೆಗೆ. 1500 ವ್ಯಾಟ್‌ನ ರಾಡ್ ಅದನ್ನು ಮೀರುತ್ತದೆ. ಜೊತೆಗೆ ಲ್ಯಾಪ್‌ಟಾಪ್, ಇಸ್ತ್ರಿ ಪೆಟ್ಟಿಗೆ ಸೇರಿದರೆ ವೈರ್ ಬಿಸಿಯಾಗಿ ಕರಗಬಹುದು.

ನಮ್ಮಲ್ಲೊಬ್ಬರು ಬೇರೆ ಊರಿನಲ್ಲಿ ಓದುವಾಗ ಹೀಗಾಯಿತು. ರಾಡ್ ಹಾಕಿದ ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು. ಬಕೆಟ್‌ನ ನೀರನ್ನು ಬಳಸಿ, ರಾಡನ್ನು ಖಾಲಿ ಬಕೆಟ್‌ನಲ್ಲೇ ಬಿಟ್ಟು ಕ್ಲಾಸಿಗೆ ಹೋದರು. ಸ್ವಿಚ್ ಆನ್ ಇತ್ತು. ಕರೆಂಟ್ ಬಂತು. ಪ್ಲಾಸ್ಟಿಕ್ ಬಕೆಟ್ ಕರಗಿ ನೆಲಕ್ಕೆ ಅಂಟಿತ್ತು. ಪಕ್ಕದ ರೂಮಿನವರಿಗೆ ಸುಟ್ಟ ವಾಸನೆ ಬಂದದ್ದರಿಂದ ಅಷ್ಟಕ್ಕೇ ಮುಗಿಯಿತು. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವ ಊರಿನಲ್ಲಿ ಇದು ಯಾರಿಗೂ ಆಗಬಹುದು.

ರಾಡ್ ಬಳಸಲೇಬೇಕಾದರೆ ಇಷ್ಟು ನೆನಪಿಡಿ:

- ನೀರು ಬಿಸಿಯಾಯಿತೇ ಎಂದು ನೋಡಲು ರಾಡ್ ಚಾಲೂ ಇರುವಾಗ ಕೈ ಅದ್ದಬೇಡಿ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ಮುಟ್ಟಿ.
- ಕಬ್ಬಿಣ, ಸ್ಟೀಲ್ ಬಕೆಟ್ ಬೇಡ. ರಾಡ್ ಮೇಲಿನ ಗುರುತಿನವರೆಗೆ ನೀರಿರಲಿ.
- ದೊಡ್ಡ 16 ಆಂಪಿಯರ್ ಪ್ಲಗ್ ಪಾಯಿಂಟ್‌ನಲ್ಲೇ ಹಾಕಿ.
- ಕರೆಂಟ್ ಹೋದ ಕೂಡಲೇ ಸ್ವಿಚ್ ಆಫ್ ಮಾಡಿ.
- ಕಟ್ಟಡದಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದೆಯೇ ಎಂದು ಕೇಳಿ. ಕರೆಂಟ್ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸಂಪರ್ಕ ಕಡಿದು ಜೀವ ಉಳಿಸುವ ಸಾಧನ ಅದು.
- ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಆಫ್, ಆಮೇಲೆ 108ಕ್ಕೆ ಕರೆ.

ನಿಜವಾದ ಪರಿಹಾರ ಎಲ್ಲರಿಗೂ ಸೇರಿ ಒಂದೇ ಕಡೆ ನೀರು ಕಾಯಿಸುವುದು. ಬಿಸಿಲಿನ ತಿಂಗಳುಗಳಲ್ಲಿ ಸೋಲಾರ್ ಹೀಟರ್ ಚೆನ್ನಾಗಿ ನಡೆಯುತ್ತದೆ. ಮೋಡ ಕವಿದ ಮಳೆಗಾಲಕ್ಕೆ ಇನ್ನೊಂದು ವ್ಯವಸ್ಥೆ ಬೇಕು. ಮಲೆನಾಡಿನ ಮನೆಗಳ ಬಚ್ಚಲಲ್ಲಿ ಹಂಡೆ, ಒಲೆ ಇರುವುದು ಸುಮ್ಮನೆ ಅಲ್ಲ.

"ಲೈಟ್ ಆರಿಸಿ" ಎಂಬ ಚೀಟಿ ಸಾಕೇ?

ಸ್ವಿಚ್ ಬೋರ್ಡ್ ಮೇಲೆ ಅಂಟಿಸಿದ ಚೀಟಿ ಎರಡನೇ ವಾರಕ್ಕೆ ಕಣ್ಣಿಗೇ ಬೀಳುವುದಿಲ್ಲ. ಹಾಸ್ಟೆಲ್‌ನಲ್ಲಿ ಇನ್ನೊಂದು ತೊಡಕಿದೆ. ಬಿಲ್ ಎಷ್ಟು ಬಂತೆಂದು ವಿದ್ಯಾರ್ಥಿಗೆ ಗೊತ್ತೇ ಆಗುವುದಿಲ್ಲ. ಫೀಸಿನಲ್ಲಿ ಎಲ್ಲ ಸೇರಿರುತ್ತದೆ.

ಅಮೆರಿಕದ ಓಬರ್ಲಿನ್ ಕಾಲೇಜಿನಲ್ಲಿ 2005ರಲ್ಲಿ ಹಾಸ್ಟೆಲ್‌ಗಳ ನಡುವೆ ಎರಡು ವಾರ ಕರೆಂಟ್ ಉಳಿಸುವ ಸ್ಪರ್ಧೆ ನಡೆಯಿತು. ಒಟ್ಟಾರೆ ಬಳಕೆ ಶೇ 32ರಷ್ಟು ಇಳಿಯಿತು. ವಾರಕ್ಕೊಮ್ಮೆ ಮೀಟರ್ ಅಂಕಿ ತಿಳಿದ ಹಾಸ್ಟೆಲ್‌ಗಳಲ್ಲಿ ಶೇ 31, ಆಗಿಂದಾಗ್ಗೆ ಬಳಕೆ ಕಣ್ಣೆದುರು ಕಾಣುತ್ತಿದ್ದಲ್ಲಿ ಶೇ 55 ಇಳಿಕೆ. ಉಪದೇಶಕ್ಕಿಂತ ಅಂಕಿ ಹೆಚ್ಚು ಕೆಲಸ ಮಾಡಿತು.

ಒಂದು ಎಚ್ಚರಿಕೆಯೂ ಇದೆ. ಕ್ಯಾಲಿಫೋರ್ನಿಯಾದ ಮನೆಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, "ನೀವು ಸರಾಸರಿಗಿಂತ ಕಡಿಮೆ ಬಳಸುತ್ತೀರಿ" ಎಂದು ತಿಳಿದವರು ಬಳಕೆ ಹೆಚ್ಚಿಸಿಕೊಂಡರು. ಅದರ ಪಕ್ಕದಲ್ಲಿ ಒಂದು ನಗುಮುಖದ ಚಿತ್ರ ಬರೆದಾಗ ಹಾಗಾಗಲಿಲ್ಲ. ಹೋಲಿಕೆಯ ಜೊತೆ ಒಂದು ಶಭಾಷ್ ಕೂಡ ಬೇಕು.

ನೀವು ಏನು ಮಾಡಬಹುದು?

ಪ್ರತಿ ಭಾನುವಾರ ಒಂದೇ ಹೊತ್ತಿಗೆ ಮೀಟರ್ ಫೋಟೊ ತೆಗೆದು ಗ್ರೂಪಿಗೆ ಹಾಕಿ. ಕಳೆದ ವಾರದ ಅಂಕಿ ಕಳೆದು, ಇರುವ ಜನರಿಂದ ಭಾಗಿಸಿ. ದೊಡ್ಡ ಕಟ್ಟಡದ ಮೀಟರ್‌ಗೆ ಗುಣಿಸುವ ಸಂಖ್ಯೆಯೊಂದು ಇರಬಹುದು, ಅದು ಬಿಲ್‌ನಲ್ಲಿ ಸಿಗುತ್ತದೆ. ಕಡಿಮೆಯಾದ ವಾರ ಒಂದು ನಗುಮುಖ ಹಾಕಿ.

ನಾಲ್ವರು ಸೇರಿ ಬಾಡಿಗೆ ಮನೆಯಲ್ಲಿದ್ದರೆ ಇದು ನೇರವಾಗಿ ಜೇಬಿಗೆ ತಾಗುತ್ತದೆ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ಬಾಡಿಗೆದಾರರಿಗೂ ಅವಕಾಶವಿದೆ. ಆದರೆ ತಿಂಗಳಿಗೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ ಕಟ್ಟಬೇಕು. ನಾಲ್ಕು ಬಕೆಟ್ ಬಿಸಿನೀರೇ ತಿಂಗಳಿಗೆ 50 ಯೂನಿಟ್ ಆಗುತ್ತದೆ. ವೋಲ್ಟೇಜ್ ತೊಂದರೆ, ಜೋತುಬಿದ್ದ ತಂತಿ ಕಂಡರೆ ಮೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸಿ.

ಒಟ್ಟಿನಲ್ಲಿ: ಖಾಲಿ ಚಾರ್ಜರ್‌ನಿಂದ ಬಿಲ್ ಡಬಲ್ ಆಗುತ್ತದೆ ಎಂಬುದು ಸುಳ್ಳು. ಹಾಸ್ಟೆಲ್‌ನಲ್ಲಿ ಹೆಚ್ಚು ಕರೆಂಟ್ ಎಳೆಯುವುದು ನೀರು ಕಾಯಿಸುವ, ಬಟ್ಟೆ ಒಣಗಿಸುವ ಕೆಲಸ. ಮುಂದಿನ ಸಲ ಚಾರ್ಜರ್ ಸಂದೇಶ ಬಂದರೆ ಕಳಿಸಿದವರಿಗೆ ರಾಡ್ ಬಗ್ಗೆ ಕೇಳಿ. ಫಾರ್ವರ್ಡ್ ಮಾಡಲೇಬೇಕೆಂದರೆ ಮೇಲಿನ ಆರು ಎಚ್ಚರಿಕೆಗಳನ್ನು ಮಾಡಿ.