ಮಕ್ಕಳ ಕೈಯಲ್ಲಿ ಮೊಬೈಲು: ಹಿರಿಯರ ಹೊಣೆ



ಕಾಫಿ ಗಿಡಕ್ಕೆ ಮರದ ನೆರಳು, ಎಳೆಯ ಅಡಿಕೆ ಸಸಿಗೆ ಬಾಳೆಯ ನೆರಳು ಒದಗಿಸುವವರು ನಾವು. ಬಿಸಿಲಿಗೆ ಹೆದರಿ ಸಸಿಯನ್ನು ಯಾರೂ ಕೋಣೆಯೊಳಗೆ ಬಚ್ಚಿಡುವುದಿಲ್ಲ. ಮಕ್ಕಳ ಅಂತರ್ಜಾಲ ಬಳಕೆಯ ವಿಷಯದಲ್ಲಿಯೂ ಹೀಗೆಯೇ ನಡೆದುಕೊಳ್ಳುವುದು ಲೇಸು.

2020ರಲ್ಲಿ ಕೊರೋನಾ ನಿಮಿತ್ತ ಶಾಲೆಗಳು ಮುಚ್ಚಿದಾಗ ಪಾಠವೇ ಮೊಬೈಲಿಗೆ ಬಂದಿತು. ಶಾಲೆ ತೆರೆದ ಮೇಲೂ ಮೊಬೈಲು ಮಕ್ಕಳ ಕೈಯಲ್ಲೇ ಉಳಿಯಿತು. ನಮ್ಮ ಸಿ.ಎಸ್. ಪುರ ಹೋಬಳಿಯ ಅನೇಕ ಮನೆಗಳಲ್ಲಿ ಎಲ್ಲಕ್ಕೂ ಒಂದೇ ಮೊಬೈಲು. ಮಂಡಿಯ ಹಣ ಬ್ಯಾಂಕಿಗೆ ಜಮೆಯಾದ ಸಂದೇಶವೂ ಅದಕ್ಕೇ, ಮಗಳ ಮನೆಪಾಠವೂ ಅದರಲ್ಲೇ. ಮಗು ಅರಿಯದೆ ಹೇಳಿದ ಒಂದು ಓಟಿಪಿ ವರ್ಷದ ಬೆಳೆಯ ಹಣವನ್ನೇ ಕೊಂಡೊಯ್ಯಬಹುದು.

ಹಣಕ್ಕಿಂತ ದೊಡ್ಡ ಅಪಾಯವೂ ಉಂಟು. ಸ್ನೇಹಿತನ ಸೋಗಿನಲ್ಲಿ ಬಂದವನು ಭಾವಚಿತ್ರ ಪಡೆದು, ಅನಂತರ ಬೆದರಿಸುತ್ತಾನೆ. ಮನೆಯಲ್ಲಿ ಬೈಯುತ್ತಾರೆಂದು ಮಗು ಬಾಯಿ ಬಿಡುವುದಿಲ್ಲ. ಆ ಮೌನವೇ ವಂಚಕನ ಬಂಡವಾಳ. ಆದುದರಿಂದ ಈ ನಿಯಮಗಳನ್ನು ಮನೆಯಲ್ಲಿ ಎಲ್ಲರೂ ಪಾಲಿಸುವುದು ಅವಶ್ಯ:

1. ಮಕ್ಕಳು ಮೊಬೈಲನ್ನು ನಡುಮನೆಯಲ್ಲಿ, ಹಿರಿಯರ ಕಣ್ಣೆದುರು ಬಳಸಲಿ. ರಾತ್ರಿ ಅದು ಹಿರಿಯರ ಬಳಿ ಇರಲಿ.

2. ಯುಪಿಐ ಪಿನ್ ಮಕ್ಕಳಿಗೆ ತಿಳಿಸಬೇಡಿ. ಹಣ ಕಳುಹಿಸಲು ಪಿನ್ ಬೇಕೇ ಹೊರತು ಪಡೆಯಲು ಬೇಡ. ಕೇಳಿದವನು ಮೋಸಗಾರನೆಂದೇ ತಿಳಿಯಿರಿ.

3. ಹೆಸರು, ಊರು, ಶಾಲೆ, ಭಾವಚಿತ್ರಗಳನ್ನು ಅಪರಿಚಿತರಿಗೆ ಕೊಡಬಾರದು.

4. ಶಾಲೆಯ ಕಂಪ್ಯೂಟರಿನಲ್ಲಿ ಕೆಲಸ ಮುಗಿದೊಡನೆ ತಮ್ಮ ಖಾತೆಯಿಂದ ಹೊರಬರಬೇಕು.

5. ಹಣ ಕಟ್ಟಿ ಆಡುವ ಆಟ ಸಲ್ಲದು. ಇಂತಹ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರಲ್ಲಿ ಅಂಗೀಕರಿಸಿದೆ.

ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮಗುವಿಗೆ ಬೆದರಿಕೆ ಬಂದರೆ ಮಕ್ಕಳ ಸಹಾಯವಾಣಿ 1098 ಇದೆ. ಬೆದರಿಕೆಯ ಸಂದೇಶಗಳನ್ನು ಅಳಿಸಬೇಡಿ, ಅವೇ ಸಾಕ್ಷ್ಯ. ಲೈಂಗಿಕ ದೌರ್ಜನ್ಯದ ವಿರುದ್ಧ ಮಕ್ಕಳಿಗೆ 2012ರ ಪೋಕ್ಸೋ ಕಾಯಿದೆಯ ರಕ್ಷಣೆಯುಂಟು. ಅದರಡಿ ಮಗುವಿನ ಗುರುತನ್ನು ಪತ್ರಿಕೆಗಳು ಪ್ರಕಟಿಸುವಂತಿಲ್ಲ.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿರುವ ನಮ್ಮ ಸದಸ್ಯರು ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಬೇಕೆಂದು ಕೋರುತ್ತೇವೆ. ಎಲ್ಲಕ್ಕೂ ಮಿಗಿಲಾಗಿ ಇಂದು ರಾತ್ರಿ ಊಟಕ್ಕೆ ಕುಳಿತಾಗ ಮಕ್ಕಳಿಗೆ ಒಂದು ಮಾತು ಹೇಳಿ: "ಏನೇ ತಪ್ಪಾಗಿದ್ದರೂ ಮೊದಲು ನಮಗೆ ಹೇಳು, ಬೈಯುವುದಿಲ್ಲ." ಆ ಮಾತನ್ನು ಉಳಿಸಿಕೊಳ್ಳುವ ಹೊಣೆ ನಮ್ಮದು.