ಬಾಲ್ವಾನೋ ನಿಲ್ದಾಣದ ಒಂದು ರಾತ್ರಿ

ಮಹಾನಗರಗಳ ರೈಲು ನಿಲ್ದಾಣಗಳಿಗೆ ಚರಿತ್ರಕಾರರ ಕೊರತೆಯಿಲ್ಲ. ದಕ್ಷಿಣ ಇಟಲಿಯ ಬೆಟ್ಟಗಳ ಮಡಿಲಲ್ಲಿರುವ ಬಾಲ್ವಾನೋ–ರಿಚಿಲ್ಯಾನೋ ನಿಲ್ದಾಣವನ್ನು ಮಾತ್ರ ಬಲ್ಲವರು ವಿರಳ. ನೆರೆಹೊರೆಯ ಎರಡು ಊರುಗಳ ಹೆಸರನ್ನು ಹೊತ್ತ ಈ ಸಣ್ಣ ನಿಲ್ದಾಣವು ನೇಪಲ್ಸ್ ಕಡೆಯಿಂದ ಪೊಟೆನ್ಸಾ ಪಟ್ಟಣಕ್ಕೆ ಏರುವ ಮಾರ್ಗದಲ್ಲಿದೆ. ಇಲ್ಲಿಂದ ಮುಂದಿನ ನಿಲ್ದಾಣವಾದ ಬೆಲ್ಲಾ–ಮೂರೋ ತಲುಪುವ ಮುನ್ನ, ಸುಮಾರು ಎರಡು ಕಿಲೋಮೀಟರು ಉದ್ದದ 'ಆರ್ಮಿ' ಎಂಬ ಸುರಂಗವನ್ನು ಬಂಡಿಗಳು ಏರುತ್ತ ದಾಟಬೇಕು.

1943ರ ಅಕ್ಟೋಬರಿನಲ್ಲಿ ಮಿತ್ರರಾಷ್ಟ್ರಗಳ ಸೇನೆ ನೇಪಲ್ಸನ್ನು ಪ್ರವೇಶಿಸಿತು. ಯುದ್ಧದ ಸದ್ದು ದೂರ ಸರಿಯಿತು. ಹಸಿವು ಮಾತ್ರ ಸರಿಯಲಿಲ್ಲ. ನಗರದ ಜನ ಮನೆಯಲ್ಲಿದ್ದ ಬಟ್ಟೆಬರೆ, ಸೈನಿಕರಿಂದ ದೊರೆತ ಸಿಗರೇಟುಗಳನ್ನು ಗಂಟುಕಟ್ಟಿ, ಹಳ್ಳಿಗಳಲ್ಲಿ ಅವನ್ನು ಕೊಟ್ಟು ಎಣ್ಣೆ, ಹಿಟ್ಟು, ಕಾಳುಗಳನ್ನು ತರಲು ಹೊರಡುತ್ತಿದ್ದರು. ಪ್ರಯಾಣಿಕರ ಬಂಡಿಗಳು ವಿರಳವಾಗಿದ್ದುದರಿಂದ ಸಾಮಾನು ಬಂಡಿಗಳೇ ಅವರಿಗೆ ಗತಿಯಾದವು.

1944ರ ಮಾರ್ಚ್ 2ರ ಸಂಜೆ ಹೊರಟ 8017ನೆಯ ಸಾಮಾನು ಬಂಡಿಯೂ ಅಂಥದೇ. ದಾರಿಯುದ್ದಕ್ಕೂ ಏರಿದ ನೂರಾರು ಜನ ಅದರಲ್ಲಿ ತುಂಬಿದ್ದರು. ಎರಡು ಉಗಿಯಂತ್ರಗಳು ಎಳೆಯುತ್ತಿದ್ದ ಆ ಬಂಡಿ ಮಧ್ಯರಾತ್ರಿ ಕಳೆದು 12 ಗಂಟೆ 50 ನಿಮಿಷಕ್ಕೆ ಬಾಲ್ವಾನೋ ನಿಲ್ದಾಣವನ್ನು ಬಿಟ್ಟಿತು. ಮುಂದಿನ ನಿಲ್ದಾಣವನ್ನು ಅದು ಸೇರಲಿಲ್ಲ.

ಹೊರೆ ಅತಿಯಾಗಿತ್ತು, ಹಳಿ ಒದ್ದೆಯಾಗಿತ್ತು, ಯುದ್ಧಕಾಲದ ಕಲ್ಲಿದ್ದಲು ಕಳಪೆಯಾಗಿತ್ತು. ಸುರಂಗದೊಳಗೆ ಗಾಲಿಗಳು ಜಾರಿ ಬಂಡಿ ನಿಂತಿತು. ಹೊಗೆಯೊಡನೆ ಬೆರೆತು ಬಂದ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನೊಡನೆ ಒಳಹೊಕ್ಕು, ರಕ್ತವು ಪ್ರಾಣವಾಯುವನ್ನು ಹೊರಲಾರದಂತೆ ಅದು ಮಾಡುತ್ತದೆ. ನಿದ್ರೆಯಲ್ಲಿದ್ದ ಅನೇಕರಿಗೆ ಎಚ್ಚರವೇ ಆಗಲಿಲ್ಲ. ಸುರಂಗದಿಂದ ಹೊರಗುಳಿದ ಕೊನೆಯ ಬಂಡಿಗಳಲ್ಲಿದ್ದವರಲ್ಲಿ ಕೆಲವರು ಬದುಕಿದರು. ನಸುಕಿನಲ್ಲಿ ರೈಲ್ವೆ ನೌಕರನೊಬ್ಬನು ಹಳಿಯ ಮೇಲೆ ಹಿಂದಕ್ಕೆ ನಡೆದು ಬಂದು ಸುದ್ದಿ ಮುಟ್ಟಿಸುವವರೆಗೆ, ಆ ಬಂಡಿಗೆ ಏನಾಯಿತೆಂಬುದು ನಿಲ್ದಾಣಕ್ಕೆ ತಿಳಿಯಲಿಲ್ಲ.

ಸತ್ತವರು ಐನೂರಕ್ಕೂ ಹೆಚ್ಚು. ಶವಗಳನ್ನು ನಿಲ್ದಾಣದ ಜಗಲಿಯ ಮೇಲೆ ಸಾಲಾಗಿ ಮಲಗಿಸಿದರು. ಎಷ್ಟೋ ಜನರ ಗುರುತು ಸಿಕ್ಕಲಿಲ್ಲ. ಅವರನ್ನು ಬಾಲ್ವಾನೋ ಊರಿನ ಸ್ಮಶಾನದಲ್ಲಿ ಸಾಮೂಹಿಕವಾಗಿ ಹೂಳಲಾಯಿತು. ಇಟಲಿಯ ರೈಲ್ವೆ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ದುರಂತವಿಲ್ಲ. ಆದರೂ ಯುದ್ಧದ ದಿನಗಳಾದ್ದರಿಂದ ಪತ್ರಿಕೆಗಳಲ್ಲಿ ಇದರ ವಾರ್ತೆ ಅತ್ಯಲ್ಪವಾಗಿ ಬಂದಿತು.

ಬಂಡಿ ಹಳಿ ತಪ್ಪಲಿಲ್ಲ, ಬಾಂಬು ಬೀಳಲಿಲ್ಲ. ಸತ್ತವರಲ್ಲಿ ಬಹುಮಂದಿ ಸಾಮಾನು ಬಂಡಿಯಲ್ಲಿ ಅಕ್ರಮವಾಗಿ ಏರಿದವರೆಂಬುದು ನಿಜ. ಅವರನ್ನು ಹಾಗೆ ಏರಿಸಿದ್ದು ಹಸಿವು ಎಂಬುದೂ ಅಷ್ಟೇ ನಿಜ. ಯುದ್ಧದ ಚರಿತ್ರೆಯನ್ನು ಓದುವ ವಿದ್ಯಾರ್ಥಿಗಳು ರಣರಂಗಗಳ ಹೆಸರುಗಳ ಜೊತೆಗೆ ಈ ಸಣ್ಣ ನಿಲ್ದಾಣದ ಹೆಸರನ್ನೂ ನೆನಪಿನಲ್ಲಿಡಬೇಕು. ಹಿಟ್ಟು ತರಲೆಂದು ಮನೆಯಿಂದ ಹೊರಟವರು ಅಲ್ಲಿ ಮಡಿದಿದ್ದಾರೆ.